ಮುಖವಾಡ ಹಾಕಿದ ಗೋಲಿ



ವರ್ತಕ ನಗರದಲ್ಲಿ ಐಸ್ ಅಂದರೆ ನಮಗೆ ಮೊದಲು ನೆನಪಾಗೋದು ಗೋಲಾ ಗಾಡಿ. ಆದರೆ ಕೆನಡಾದಲ್ಲಿ ಐಸ್ ಅಂದರೆ ಹಾಕಿ. ಅಲ್ಲಿ ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯುತ್ತಾರೆ. ಎನ್‌ಎಚ್‌ಎಲ್ ಎಂಬ ಅಲ್ಲಿನ ವೃತ್ತಿಪರ ಲೀಗ್ ಶುರುವಾಗಿದ್ದು 1917ರಲ್ಲಿ. ಅದರ ಇತಿಹಾಸದಲ್ಲಿ ಮರೆಯಲಾಗದ ಗೋಲುಗಳು ಬೇಕಾದಷ್ಟಿವೆ. ಇವತ್ತು ನಿಮಗೆ ಹೇಳಹೊರಟಿರೋದು ಮಾತ್ರ ಗೋಲು ಹೊಡೆದವನ ಕಥೆಯಲ್ಲ, ತಡೆದವನದ್ದು.

ಮೊದಲು ಒಂದು ಲೆಕ್ಕ ನೋಡಿ. ನಮ್ಮ ಹುಡುಗರು ಆಡೋ ಕ್ರಿಕೆಟ್ ಸೀಸನ್ ಬಾಲ್ ತೂಕ ಸುಮಾರು 160 ಗ್ರಾಂ. ಮೈದಾನದ ಹಾಕಿ ಚೆಂಡೂ ಹೆಚ್ಚುಕಡಿಮೆ ಅಷ್ಟೇ. ಐಸ್ ಹಾಕಿಯ ಪಕ್ 156ರಿಂದ 170 ಗ್ರಾಂ. ಪುಟಿಯದಿರಲಿ ಅಂತ ಅದನ್ನು ಆಟಕ್ಕೆ ಮುಂಚೆ ಫ್ರೀಜ್ ಮಾಡಿಡುತ್ತಾರೆ, ಕಲ್ಲಿನಂತಾಗುತ್ತದೆ. ಜೋರಾಗಿ ಹೊಡೆದರೆ ಗಂಟೆಗೆ 160 ಕಿಲೋಮೀಟರ್ ವೇಗವನ್ನೂ ದಾಟುತ್ತದೆ. ಇಂಥದ್ದರ ಎದುರು ಗೋಲ್‌ಕೀಪರ್‌ಗಳು ದಶಕಗಳ ಕಾಲ ಬರೀ ಮುಖದಲ್ಲೇ ನಿಲ್ಲುತ್ತಿದ್ದರು ಅಂದರೆ ನಂಬುತ್ತೀರಾ? 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಕೆಲವು ಪಂದ್ಯಗಳಿಗೆ ಚರ್ಮದ ಮುಖವಾಡ ಹಾಕಿ ನೋಡಿದರು, ಅದು ನಿಲ್ಲಲಿಲ್ಲ. ಕಾಲ ಬಳಿಯ ಪಕ್ ಕಾಣೋದಿಲ್ಲ ಅನ್ನೋದು ಒಂದು ನೆಪ, ಮುಖ ಮುಚ್ಚಿಕೊಳ್ಳುವವನು ಹೇಡಿ ಅನ್ನೋದು ಇನ್ನೊಂದು.

ಈಗ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬನ್ನಿ. 1959ರ ನವೆಂಬರ್ 1. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲಿ ಜಾಕ್ ಪ್ಲಾಂಟ್. ಮೂಗು, ಕೆನ್ನೆಯ ಮೂಳೆ ಎಲ್ಲಾ ಮೊದಲೇ ಮುರಿಸಿಕೊಂಡಿದ್ದ ಮನುಷ್ಯ. ಅಭ್ಯಾಸದ ವೇಳೆ ಮುಖವಾಡ ಹಾಕುತ್ತಿದ್ದರು, ಪಂದ್ಯದಲ್ಲಿ ಮಾತ್ರ ಕೋಚ್ ಟೋ ಬ್ಲೇಕ್ ಒಪ್ಪುತ್ತಿರಲಿಲ್ಲ. ಅಂದು ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್ ನೇರ ಪ್ಲಾಂಟ್ ಮುಖಕ್ಕೇ ಬಡಿಯಿತು. ರಕ್ತ ಸೋರಿತು, ಒಳಗೆ ಕರೆದೊಯ್ದು ಹೊಲಿಗೆ ಹಾಕಿದರು. ಹೊಲಿಗೆ ಮುಗಿದ ಮೇಲೆ ಪ್ಲಾಂಟ್ ಹೇಳಿದ್ದು ಒಂದೇ ಮಾತು: ಮುಖವಾಡವಿಲ್ಲದೆ ಮತ್ತೆ ಇಳಿಯೋದಿಲ್ಲ!

ಆಗ ತಂಡಗಳು ಬದಲಿ ಗೋಲಿಯನ್ನು ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಬೇಕಿದ್ದರೆ ಕ್ರೀಡಾಂಗಣದಲ್ಲಿರೋ ಯಾರಾದರೂ ಹವ್ಯಾಸಿಯನ್ನು ನಿಲ್ಲಿಸಬೇಕು. ಬ್ಲೇಕ್ ಬೇರೆ ದಾರಿಯಿಲ್ಲದೆ ಒಪ್ಪಿದರು. ಪ್ಲಾಂಟ್ ಫೈಬರ್‌ಗ್ಲಾಸ್ ಮುಖವಾಡ ಹಾಕಿ ಇಳಿದರು, ಮಾಂಟ್ರಿಯಲ್ 3-1ರಿಂದ ಗೆದ್ದಿತು. ಗೆಲುವು ಮುಂದುವರಿಯಿತು. 1960ರ ಮಾರ್ಚ್ 8ರಂದು ಕೋಚ್ ಮಾತಿಗೆ ಒಮ್ಮೆ ಮುಖವಾಡ ತೆಗೆದು ಆಡಿದರು, ಡೆಟ್ರಾಯಿಟ್ ಎದುರು 0-3ರ ಸೋಲು. ಮುಖವಾಡ ಮರಳಿ ಬಂತು, ಆ ವರ್ಷದ ಸ್ಟಾನ್ಲಿ ಕಪ್ಪೂ ಬಂತು! 1974ರ ಹೊತ್ತಿಗೆ ಆ ಲೀಗ್‌ನಲ್ಲಿ ಬರೀ ಮುಖದಲ್ಲಿ ಆಡೋ ಗೋಲಿಗಳ ಕಾಲವೇ ಮುಗಿಯಿತು.

ಮಂಜಿನ ದೇಶದ ಕಥೆ ನಮಗ್ಯಾಕೆ ಅಂತೀರಾ? ಗೋಲಿಯ ಪಾಡು ಎಲ್ಲ ಕಡೆ ಒಂದೇ, ಅದಕ್ಕೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಹಾಕಿ ಫೈನಲ್ ನೆನಪಿದೆಯಾ? ದಕ್ಷಿಣ ಕೊರಿಯಾ ಎದುರು 1-1. ಟೈಬ್ರೇಕರ್‌ನಲ್ಲಿ ಭಾರತದ ಗೋಲಿನ ಮುಂದೆ ನಿಂತವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಆಗಿನ ನಿಯಮದಲ್ಲಿ ಕೇವಲ 6.4 ಮೀಟರ್ ದೂರದಿಂದ ಪೆನಾಲ್ಟಿ ಸ್ಟ್ರೋಕ್. ಕಣ್ಣು ಮಿಟುಕಿಸುವಷ್ಟೂ ಸಮಯವಿಲ್ಲ! ಬಲ್ಲಾಳ್ ತಡೆದರು, ಭಾರತ 4-2ರಿಂದ ಗೆದ್ದು 32 ವರ್ಷಗಳ ನಂತರ ಚಿನ್ನ ತಂದಿತು. ಆದರೆ ಮುಂದಿನ ಸರಣಿಗೆ ನಾಯಕ ಧನರಾಜ್ ಪಿಳ್ಳೈ ಜೊತೆ ಬಲ್ಲಾಳರನ್ನೂ ಕೈಬಿಟ್ಟರು. ಪ್ಲಾಂಟ್ ತಮ್ಮ ಮಾತು ನಡೆಸಿಕೊಂಡರು, ಇವರಿಗೆ ಆ ಅವಕಾಶವೂ ಸಿಗಲಿಲ್ಲ.

ಈಗ ಹಾಕಿಯಲ್ಲಿ ಆ ಸ್ಟ್ರೋಕ್ ಬದಲು 23 ಮೀಟರ್ ಗೆರೆಯಿಂದ ಓಡಿಬಂದು 8 ಸೆಕೆಂಡಿನಲ್ಲಿ ಗೋಲು ಹೊಡೆಯೋ ಶೂಟೌಟ್ ಇದೆ. ಎನ್‌ಎಚ್‌ಎಲ್‌ನಲ್ಲೂ 2005ರಿಂದ ಹೀಗೆ ಒಬ್ಬರಿಗೊಬ್ಬರ ಎದುರಾಟ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ಎದುರು ಶ್ರೀಜೇಶ್ ಗೆಲ್ಲಿಸಿದ್ದು ಇಂಥದ್ದೇ ಶೂಟೌಟ್‌ನಲ್ಲಿ. ಅವರೂ ನಿಂತಿದ್ದು ಹೆಲ್ಮೆಟ್ ಹಾಕಿಕೊಂಡೇ, ನೋಡಿ.

ಮುಂದಿನ ಭಾನುವಾರ ನಿಮ್ಮ ಬಿಲ್ಡಿಂಗ್ ಕಾಂಪೌಂಡಿನಲ್ಲಿ ಸೀಸನ್ ಬಾಲ್ ಹೊರಬಂದರೆ, ವಿಕೆಟ್ ಹಿಂದೆ ನಿಂತ ಮಗುವಿನ ಕಡೆ ಒಮ್ಮೆ ನೋಡಿ. ಹೆಲ್ಮೆಟ್ ಕೇಳಿದರೆ ಹೆದರುಪುಕ್ಕಲ ಅಂತ ನಗಬೇಡಿ. ಜಾಕ್ ಪ್ಲಾಂಟ್ ಹೆಸರು ಹೇಳಿ, ಹೆಲ್ಮೆಟ್ ಕೊಡಿಸಿ!