ಪಿಷ್ಟದ ಪೊಟ್ಟಣ: ಶೇಂಗಾಕ್ಕೆ ಒಪ್ಪೀತು, ಕಡಕ್ ರೊಟ್ಟಿಗೆ ಒಪ್ಪದು

ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಇವು ವಿಜಯಪುರ ಜಿಲ್ಲೆಯ ಹೆಸರನ್ನು ದೂರದ ಪೇಟೆಗಳಿಗೆ ಒಯ್ಯುವ ಸರಕುಗಳು. ಮನಗೂಳಿ, ಬಸವನಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಭಾಗದ ಸಣ್ಣ ತಯಾರಕರಿಗೆ ಪೊಟ್ಟಣದ ಆಯ್ಕೆಯು ನೇರವಾಗಿ ಲಾಭನಷ್ಟದ ಪ್ರಶ್ನೆಯಾಗಿದೆ. ಮೆತ್ತಗಾದ ರೊಟ್ಟಿ, ಕಮಟು ವಾಸನೆಯ ಹಿಂಡಿ ಅಂಗಡಿಯಿಂದ ಮರಳಿ ಬಂದರೆ ನಷ್ಟವೆಲ್ಲ ತಯಾರಕನದೇ.

ರಾಜ್ಯ ಸರ್ಕಾರವು 2016ರ ಮಾರ್ಚ್ 11ರಂದು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಈ ಹಿನ್ನೆಲೆಯಲ್ಲಿ ಪಿಷ್ಟದಿಂದ ತಯಾರಾಗುವ, ಜೈವಿಕವಾಗಿ ಕೊಳೆಯುವ ಹಾಳೆಗಳತ್ತ ಉದ್ಯಮಿಗಳ ಗಮನ ಹರಿದಿರುವುದು ಸಹಜ. ಆದರೆ ಸರಕಿನ ಗುಣವನ್ನು ಅರಿಯದೆ ಹಾಳೆಯನ್ನು ಕೊಳ್ಳುವುದು ಜಾಣತನವಲ್ಲ.

ತಯಾರಿಕೆಯ ವಿಧಾನ

ಗೋವಿನಜೋಳ, ಮರಗೆಣಸು, ಆಲೂಗಡ್ಡೆಗಳ ಪಿಷ್ಟವನ್ನು ನೀರಿನಲ್ಲಿ ಕಲಸಿ ಕಾಯಿಸಿದಾಗ ಅದು ಅಂಬಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ತೆಳುವಾಗಿ ಹರಡಿ ಒಣಗಿಸಿದರೆ ಹಾಳೆ ದೊರೆಯುತ್ತದೆ. ಬರಿಯ ಪಿಷ್ಟದ ಹಾಳೆ ಹಪ್ಪಳದಂತೆ ಮುರಿಯುವುದರಿಂದ, ಬಾಗುವ ಗುಣಕ್ಕಾಗಿ ಗ್ಲಿಸರಿನ್ ಬೆರೆಸುತ್ತಾರೆ. ಕಾರ್ಖಾನೆಗಳಲ್ಲಿ ಪಿಷ್ಟವನ್ನು ಕೊಳೆಯಬಲ್ಲ ಇತರ ಪಾಲಿಮರ್‌ಗಳೊಡನೆ ಬೆರೆಸಿ ಯಂತ್ರದ ಮೂಲಕ ಹಾಳೆಯನ್ನು ಊದಿ ತೆಗೆಯುವ ಪದ್ಧತಿಯೂ ಇದೆ.

ಗುಣ ಮತ್ತು ದೋಷ

ಪಿಷ್ಟದ ಹಾಳೆಯು ಎಣ್ಣೆಯನ್ನು ಚೆನ್ನಾಗಿ ತಡೆಯುತ್ತದೆ. ಒಣಗಿದ್ದಾಗ ಆಮ್ಲಜನಕವನ್ನೂ ತಡೆಯುತ್ತದೆ. ಆದರೆ ನೀರಿನ ಆವಿಯನ್ನು ತಡೆಯಲಾರದು. ತೇವವನ್ನು ತಾನೇ ಹೀರಿ ಸಡಿಲಗೊಳ್ಳುತ್ತದೆ. ಕಡಕ್ ರೊಟ್ಟಿಯ ವೈರಿ ತೇವ. ಆದ್ದರಿಂದ ಮಳೆಗಾಲದಲ್ಲಿ ಬರಿಯ ಪಿಷ್ಟದ ಹಾಳೆಯನ್ನು ನಂಬಿದರೆ ರೊಟ್ಟಿ ಮೆತ್ತಗಾಗುವುದು ಖಚಿತ.

ಶೇಂಗಾದ ಕಥೆ ಬೇರೆ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿದಾಗ ಕಮಟು ಹುಟ್ಟುತ್ತದೆ. ಹಾಳೆಯಲ್ಲಿಯೇ ಆ್ಯಂಟಿ ಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ ವಸ್ತುವನ್ನು ಬೆರೆಸಿದರೆ ಅದು ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ತಿರುವನಂತಪುರದ ಸಂಶೋಧಕರು ಫೆರುಲಿಕ್ ಆಮ್ಲ ಬೆರೆಸಿದ ಪಿಷ್ಟ ಹಾಗೂ ಕೈಟೊಸಾನ್ ಹಾಳೆಗಳ ಬಗ್ಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪರಿಣಾಮವನ್ನು ತೋರಿಸಿದೆ.

ಈ ಫೆರುಲಿಕ್ ಆಮ್ಲವು ಗೋವಿನಜೋಳದ ಹೊಟ್ಟಿನಲ್ಲಿ ಹೇರಳವಾಗಿದೆ. ದಾಳಿಂಬೆಯ ಸಿಪ್ಪೆ ಮತ್ತು ದ್ರಾಕ್ಷಿಯ ಬೀಜಗಳಲ್ಲಿಯೂ ಇಂತಹ ನಿರೋಧಕ ಸತ್ವಗಳಿವೆ. ಇವೆಲ್ಲ ನಮ್ಮ ಜಿಲ್ಲೆಯ ಬೆಳೆಗಳೇ. ಇಂದು ಕಸವೆನಿಸುವ ಸಿಪ್ಪೆ, ಹೊಟ್ಟುಗಳಿಗೆ ನಾಳೆ ಬೆಲೆ ಬರುವ ಸಾಧ್ಯತೆಯನ್ನು ವರ್ತಕರು ಗಮನಿಸಬೇಕು.

ಮೈಸೂರಿನ ನಿದರ್ಶನ

1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಆರ್. ಎನ್. ತಾರಾನಾಥನ್ ಮತ್ತು ಸಹೋದ್ಯೋಗಿಗಳು ಇಂತಹ ಹಾಳೆಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದರು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ತೆರೆದಿಟ್ಟ ಮಾವು ಸುಮಾರು 9 ದಿನ ಉಳಿದರೆ, ಕೈಟೊಸಾನ್ ಹಾಳೆಯ ಹೊದಿಕೆಯಲ್ಲಿಟ್ಟ ಮಾವು 18 ದಿನಗಳವರೆಗೆ ಉಳಿಯಿತು. ಸಾಮಾನ್ಯ ಪಾಲಿಥಿನ್ ಹೊದಿಕೆಯಲ್ಲಿ ಮಾತ್ರ ಹಣ್ಣು ಹುಳಿತು ಬೂಷ್ಟು ಹಿಡಿಯಿತು. ಸರಕಿಗೆ ಹೊಂದುವ ಹಾಳೆಯೇ ಉತ್ತಮ ಹಾಳೆ ಎಂಬುದಕ್ಕೆ ಇದು ಸಾಕ್ಷಿ.

ಖರೀದಿಗೆ ಮುನ್ನ

ಮೊದಲನೆಯದಾಗಿ, ‘ಕೊಳೆಯುತ್ತದೆ’ ಎಂಬ ಬಾಯಿಮಾತನ್ನು ನಂಬಬಾರದು. ಹಿಂದೆ ಪಾಲಿಥಿನ್‌ಗೆ ತುಸು ಪಿಷ್ಟ ಬೆರೆಸಿದ ಹಾಳೆಗಳು ಬಂದಿದ್ದವು. ಪಿಷ್ಟ ಕೊಳೆತು ಪ್ಲಾಸ್ಟಿಕ್ ಚೂರುಗಳು ಮಣ್ಣಿನಲ್ಲಿಯೇ ಉಳಿದವು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಮಾರಲು ಐಎಸ್ 17088 ಮಾನಕ ಹಾಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಅಗತ್ಯ. ಪ್ರಮಾಣಪತ್ರದ ಸಂಖ್ಯೆಯನ್ನು ಕೇಳಿ ಪರಿಶೀಲಿಸಬೇಕು. ಈ ಮಾನಕದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೊಬ್ಬರದಲ್ಲಿ. ಗಟಾರಕ್ಕೆ ಎಸೆದ ಹಾಳೆ ಅಷ್ಟು ಬೇಗ ಕೊಳೆಯದು.

ಎರಡನೆಯದಾಗಿ, ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಪ್ಲಾಸ್ಟಿಕ್ ಪೊಟ್ಟಣದಿಂದ ಆಹಾರಕ್ಕೆ ಇಳಿಯುವ ಒಟ್ಟು ವಸ್ತು ಕಿಲೋಗೆ 60 ಮಿಲಿಗ್ರಾಂ ಮೀರಬಾರದು, ಬಣ್ಣವೂ ಬಿಡಬಾರದು. ದಾಳಿಂಬೆ ಸಿಪ್ಪೆಯಂತಹ ಸತ್ವಗಳು ಹಾಳೆಗೆ ಬಣ್ಣ ಕೊಡುವುದರಿಂದ ಪ್ರಯೋಗಾಲಯದ ವರದಿಯನ್ನು ಪಡೆಯುವುದು ಕ್ಷೇಮ.

ಮೂರನೆಯದಾಗಿ, ತಮ್ಮ ಸರಕಿನ ಇಪ್ಪತ್ತು ಪೊಟ್ಟಣಗಳನ್ನು ಹಳೆಯ ಹಾಳೆಯಲ್ಲಿ, ಇಪ್ಪತ್ತನ್ನು ಹೊಸ ಹಾಳೆಯಲ್ಲಿ ಕಟ್ಟಿ, ಮಳೆಗಾಲದಲ್ಲಿ ಅಂಗಡಿಯಲ್ಲಿಯೇ ಇಟ್ಟು ವಾರಕ್ಕೊಮ್ಮೆ ಒಡೆದು ರುಚಿ, ವಾಸನೆ, ಗರಿಗರಿತನ ಪರೀಕ್ಷಿಸಬೇಕು. ಇದರ ಖರ್ಚು ಅಲ್ಪ. ಇದರಿಂದ ತಪ್ಪುವ ನಷ್ಟ ದೊಡ್ಡದು.

ಬೇಗ ಮಾರಾಟವಾಗುವ ಶೇಂಗಾ ಪದಾರ್ಥಗಳಿಂದ ಈ ಪ್ರಯೋಗವನ್ನು ಆರಂಭಿಸುವುದು ಸೂಕ್ತ. ತೇವ ತಡೆಯುವ ಲೇಪನವುಳ್ಳ, ಪ್ರಮಾಣಿತ ಹಾಳೆ ಯೋಗ್ಯ ದರದಲ್ಲಿ ದೊರೆಯುವವರೆಗೆ ರೊಟ್ಟಿಯ ತಯಾರಕರು ಅವಸರಪಡದಿರುವುದೇ ಲೇಸು.