ಟೈರು ಬಯ್ಯುವ ಮೊದಲು ದಾರ ಹಿಡಿಯಿರಿ

ಮೂಗೂರಿನ ನಮ್ಮ ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿನ ಮುಂದಿನ ಟೈರುಗಳು ಎರಡೇ ವರ್ಷಕ್ಕೆ ಬೋಳಾದವು. ಅದೂ ಹೊರಗಿನ ಅಂಚು ಮಾತ್ರ. ಟೈರೇ ಕಳಪೆ ಅಂದುಕೊಂಡು ಹೊಸದು ಹಾಕಿಸಿದೆ. ಅದರದ್ದೂ ಅದೇ ಗತಿ. ಗಾಡಿ ಮಾಡುತ್ತಿದ್ದ ಹಿರಿಯ ಬಡಗಿಯೊಬ್ಬರು ನೋಡಿ, ‘ಟೈರನ್ಯಾಕೆ ಬಯ್ತೀಯಪ್ಪ, ದಾರ ಹಿಡ್ದು ನೋಡಿದ್ಯಾ?’ ಅಂದರು.

ಎತ್ತಿನ ಗಾಡಿಗೆ ಕಣ್ಣು, ದಾರ ಎರಡೇ ಉಪಕರಣ. ಅಚ್ಚು ಸೊಟ್ಟಗಿದ್ದರೆ ಗಾಲಿ ಅಡ್ಡಕ್ಕೆ ಉಜ್ಜುತ್ತದೆ, ಕಷ್ಟ ಎತ್ತಿನ ಹೆಗಲಿಗೆ. ಮೋಟಾರು ವಾಹನದಲ್ಲಿ ಮುಂದಿನ ಚಕ್ರಗಳೇ ತಿರುಗಬೇಕು. ಹಾಗಾಗಿ ಅವೆರಡನ್ನು ಜೋಡಿಸುವ ಟೈ ರಾಡು ಬಂತು, ಅದನ್ನು ಹೊಂದಿಸುವ ಕೆಲಸವೂ ಬಂತು. ಗ್ಯಾರೇಜುಗಳಲ್ಲಿ ಮುಳ್ಳಿರುವ ಅಳತೆಕೋಲು, ಆಮೇಲೆ ಕನ್ನಡಿ-ಬೆಳಕಿನ ಗೇಜು, ಮುಂದೆ ಚಕ್ರಕ್ಕೆ ಕಚ್ಚಿಸುವ ಎಲೆಕ್ಟ್ರಾನಿಕ್ ಸೆನ್ಸರು ಬಂದವು. 1990ರ ದಶಕದಲ್ಲಿ ಕ್ಯಾಮೆರಾ ಯಂತ್ರ ಬಂತು. ಚಕ್ರಕ್ಕೆ ಫಲಕ ಸಿಕ್ಕಿಸಿ ಕಾರನ್ನು ತುಸು ಉರುಳಿಸಿದರೆ ಕಂಪ್ಯೂಟರು ಚಕ್ರದ ಕೋನ ತೋರಿಸುತ್ತದೆ. ಯಂತ್ರ ಬದಲಾಯಿತು, ಚಕ್ರ ನೆಟ್ಟಗಿದೆಯೇ ಎಂಬ ಪ್ರಶ್ನೆ ಮಾತ್ರ ಅದೇ.

ಮನೆಯಲ್ಲೇ ನೋಡುವ ಬಗೆ

ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎರಡೂ ಟೈರಿಗೆ ಸಮ ಗಾಳಿ ಇರಲಿ, ಸ್ಟೇರಿಂಗ್ ನೇರ ಇರಲಿ. ಬೇರಿಂಗ್, ಬಾಲ್ ಜಾಯಿಂಟ್ ಅಲ್ಲಾಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಚಕ್ರದ ನಡುಮಟ್ಟದಲ್ಲಿ, ಎರಡೂ ಟೈರಿನ ಮುಂಭಾಗಕ್ಕೆ ಸುಣ್ಣದ ಗುರುತು ಹಾಕಿ. ಗುರುತಿಂದ ಗುರುತಿಗೆ ಅಳೆಯಿರಿ. ಚಕ್ರ ಅರ್ಧ ಸುತ್ತುವಷ್ಟು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ. ಈಗ ಗುರುತುಗಳು ಹಿಂದೆ, ಅದೇ ಎತ್ತರದಲ್ಲಿ ಬರುತ್ತವೆ. ಮತ್ತೆ ಅಳೆಯಿರಿ. ಮುಂದಿನ ಅಳತೆ ಕೆಲವೇ ಮಿಲಿಮೀಟರು ಕಡಿಮೆ ಇರಬೇಕು. ಎಷ್ಟೆಂಬುದು ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿದೆ.

70 ಸೆಂ.ಮೀ. ಎತ್ತರದ ಟೈರಿನಲ್ಲಿ 10 ಮಿ.ಮೀ. ಹೆಚ್ಚು ವ್ಯತ್ಯಾಸವಿದ್ದರೆ, ಲೆಕ್ಕ ಹಾಕಿ ನೋಡಿ, ಪ್ರತಿ ಕಿಲೋಮೀಟರಿಗೆ ಒಂದೊಂದು ಚಕ್ರವೂ ಸುಮಾರು 7 ಮೀಟರು ಅಡ್ಡಕ್ಕೆ ಉಜ್ಜುತ್ತದೆ! ಬೋಳಾಗದೆ ಇನ್ನೇನಾದೀತು?

ಸರಿಪಡಿಸಲು ಟೈ ರಾಡಿನ ಲಾಕ್ ನಟ್ ಸಡಿಲಿಸಿ ತಿರುಗಿಸಬೇಕು. ಎರಡು ಬದಿಗೂ ರಾಡಿದ್ದರೆ ಎರಡನ್ನೂ ಸಮನಾಗಿ ತಿರುಗಿಸಿ. ಮತ್ತೆ ಅಳೆದು ನಟ್ ಬಿಗಿ ಮಾಡುವುದನ್ನು ಮರೆಯಬೇಡಿ. ಸ್ಟೇರಿಂಗಿನ ಮಾತು, ಜೀವದ ಮಾತು. ಕೈ ಹೊಸದಾದರೆ ಮೆಕ್ಯಾನಿಕನ್ನು ಜೊತೆಗಿಟ್ಟುಕೊಳ್ಳಿ. ಅಚ್ಚು ಬಾಗಿದ್ದರೆ ಟೇಪು ಸಾಲದು, ಗ್ಯಾರೇಜೇ ಗತಿ.

ನಾನು ಅಳೆದಾಗ ನನ್ನದು ಒಳಕ್ಕೆ ವಾಲಿದ್ದು ಅತಿಯಾಗಿತ್ತು. ಒಂದು ಟೇಪು, ಒಂದು ಸ್ಪ್ಯಾನರು, ಅರ್ಧ ಗಂಟೆ. ಒಂದು ಜೊತೆ ಟೈರು ದಂಡವಾಗುವ ಮೊದಲೇ ಕೇಳಿದ್ದರೆ ಆಗುತ್ತಿತ್ತು!