ಬೆಕ್ಕಿಗೆ ಉಪವಾಸ ಆಗಿಬರುವುದಿಲ್ಲ

ಹೊಟ್ಟೆ ಕೆಟ್ಟರೆ ಎರಡು ಹೊತ್ತು ಲಂಘನ ಹಾಕು, ತಾನೇ ಸರಿಹೋಗುತ್ತದೆ ಎನ್ನುವುದು ನಮ್ಮ ಮನೆಗಳ ಹಳೇ ವೈದ್ಯ. ಬೆಕ್ಕಿನ ಮಟ್ಟಿಗೆ ಈ ವೈದ್ಯ ಅಪಾಯಕಾರಿ. ಅದರಲ್ಲೂ ಮೈತುಂಬಿಕೊಂಡ ಸಾಕುಬೆಕ್ಕು ಮೂರ್ನಾಲ್ಕು ದಿನ ತಟ್ಟೆ ಮೂಸಿ ಹಾಗೇ ಎದ್ದುಹೋಯಿತೆಂದರೆ, ಮೂಲ ಕಾಯಿಲೆ ಏನೇ ಇರಲಿ, ಉಪವಾಸವೇ ಎರಡನೆಯ ಕಾಯಿಲೆಯಾಗಿ ಸೇರಿಕೊಳ್ಳುತ್ತದೆ. ವೈದ್ಯರು ಅದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಅಂದರೆ ಯಕೃತ್ತಿನಲ್ಲಿ ಕೊಬ್ಬು ಕಟ್ಟುವುದು.

ಊಟ ನಿಂತಾಗ ಮೈಯಲ್ಲಿನ ಕೊಬ್ಬು ಕರಗಿ ಯಕೃತ್ತಿಗೆ ಬರುತ್ತದೆ. ಯಕೃತ್ತು ಒಂದಷ್ಟನ್ನು ಉರಿಸಿ, ಉಳಿದದ್ದನ್ನು ಪ್ರೋಟೀನಿಗೆ ಕಟ್ಟಿ ರಕ್ತಕ್ಕೆ ಸಾಗಿಸಬೇಕು. ಆ ಪ್ರೋಟೀನಿಗೇ ಬರ. ಅಪ್ಪಟ ಮಾಂಸಾಹಾರಿಯಾದ ಬೆಕ್ಕಿನಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳು ಊಟವಿಲ್ಲದಾಗಲೂ ಹೆಚ್ಚೇನೂ ವೇಗ ತಗ್ಗಿಸುವುದಿಲ್ಲ. ಈ ದೇಹ ಎಷ್ಟು ಬಿಗಿಯಾದ ಲೆಕ್ಕದ ಮೇಲೆ ನಡೆಯುತ್ತದೆಂಬುದನ್ನು ಕ್ಯಾಲಿಫೋರ್ನಿಯಾದ ಮಾರಿಸ್ ಮತ್ತು ರೋಜರ್ಸ್ 1978ರಲ್ಲಿ ತೋರಿಸಿದರು: ಅರ್ಜಿನೈನ್ ಎಂಬ ಒಂದೇ ಒಂದು ಅಮೈನೋ ಆಮ್ಲವಿಲ್ಲದ ಒಂದು ಹೊತ್ತಿನ ಊಟ ತಿಂದ ಬೆಕ್ಕುಗಳ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಅಮೋನಿಯಾ ವಿಷದ ಮಟ್ಟಕ್ಕೇರಿತ್ತು.

ಕೊಬ್ಬಿನ ಹನಿಗಳಿಂದ ಉಬ್ಬಿದ ಜೀವಕೋಶಗಳು ಪಿತ್ತದ ಸಣ್ಣ ನಾಳಗಳನ್ನು ಅಮುಕುತ್ತವೆ, ಕಾಮಾಲೆ ಏರುತ್ತದೆ. ಹಗಲು ಬೆಳಕಿನಲ್ಲಿ ಕಿವಿಯ ಒಳಮೈ ನೋಡಿ, ತುಟಿ ಸರಿಸಿ ವಸಡು ನೋಡಿ. ಹಳದಿ ಕಂಡರೆ ಅಂದೇ ಪಶುವೈದ್ಯರ ಬಳಿ ಹೋಗಬೇಕು. ಅಷ್ಟರಲ್ಲಿ ಜ್ವರವಿರಬಹುದೆಂದು ಪ್ಯಾರಸಿಟಮಾಲ್ ಚೂರು ಕೊಟ್ಟೀರಿ, ಜೋಕೆ. ಅದನ್ನು ನಿರ್ವಿಷಗೊಳಿಸುವ ಕಿಣ್ವವೇ ಬೆಕ್ಕಿನಲ್ಲಿ ಸರಿಯಾಗಿಲ್ಲ, ಚೂರೂ ಜೀವ ತೆಗೆಯಬಲ್ಲದು.

ಇಲ್ಲಿ ಮುಖ್ಯ ಔಷಧಿ ಊಟವೇ. ಡ್ರಿಪ್, ವಾಂತಿ ತಡೆಯುವ ಮದ್ದು, ವಿಟಮಿನ್ನುಗಳೆಲ್ಲ ಅದಕ್ಕೆ ಆಸರೆ. ಆದರೆ ಬಾಯಿ ಬಿಡಿಸಿ ತುರುಕಬಾರದು. ವಾಕರಿಕೆಯ ಹೊತ್ತಿನಲ್ಲಿ ತುರುಕಿದ ತಿನಿಸನ್ನು ಬೆಕ್ಕು ವಾಸಿಯಾದ ಮೇಲೂ ಹೇಸುತ್ತದೆ. ಆದ್ದರಿಂದ ಅರಿವಳಿಕೆ ಕೊಟ್ಟು, ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಫೀಡಿಂಗ್ ಟ್ಯೂಬ್ ಇಳಿಸುತ್ತಾರೆ. ನೋಡಲು ಭಯವೆನಿಸಿದರೂ ಹೆಚ್ಚಿನ ಬೆಕ್ಕುಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸಂಕಟ ಪಡುವವರು ಮನೆಯವರು!

ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು. ಮೊದಲ ದಿನ ಅದರ ಕಾಲು ಭಾಗದಷ್ಟೇ. ಹಸಿದ ದೇಹಕ್ಕೆ ಒಮ್ಮೆಲೇ ಸುರಿದರೆ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿಯುತ್ತವೆ. ನಯವಾಗಿ ಅರೆದ ಊಟವನ್ನು ಉಗುರುಬೆಚ್ಚಗೆ ಮಾಡಿ, ಸಿರಿಂಜಿನಲ್ಲಿ ಹದಿನೈದು ನಿಮಿಷ ನಿಧಾನವಾಗಿ ಬಿಡಬೇಕು. ಮೊದಲೂ ಕೊನೆಗೂ ಒಂದಿಷ್ಟು ನೀರು, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಬಾರಿ, ಎಷ್ಟೋ ವಾರ ಈ ಸೇವೆ. ಬೆಕ್ಕು ತಾನಾಗಿ ತಿನ್ನತೊಡಗಿ, ಟ್ಯೂಬಿನ ಹಂಗಿಲ್ಲದೆ ತೂಕ ನಿಂತ ಮೇಲಷ್ಟೇ ವೈದ್ಯರು ಅದನ್ನು ತೆಗೆಯುತ್ತಾರೆ. ಕತ್ತಿನ ತೂತಿಗೆ ಸಾಮಾನ್ಯವಾಗಿ ಹೊಲಿಗೆಯೂ ಬೇಡ.